ಹಿಟ್ಟಿನಲ್ಲಿ ಕಲಿತ ಅಕ್ಷರ

ರೂತವ್ವ ಎದ್ದು ನಿಂತು ಸತ್ಯವೇದವನ್ನು ತೆರೆದಳು. ನೋಡಿದಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಒಂದು ಅಕ್ಷರದ ಗುರುತೂ ಸಿಗಲಿಲ್ಲ.

೧೯೩೯ರ ಹೊಸ ವರ್ಷದ ಬೆಳಿಗ್ಗೆ. ತಿಳವಳ್ಳಿಯ ಸಣ್ಣ ಹೆಂಚಿನ ದೇವಾಲಯದಲ್ಲಿ ಕ್ರೈಸ್ತ ಸಭೆಯವರೆಲ್ಲ ಚಾಪೆಯ ಮೇಲೆ ಕುಳಿತಿದ್ದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ದೇವರು ಕೊಟ್ಟ ವರ್ಷವನ್ನು ಯಾವ ಕೆಲಸಕ್ಕೆ ಬಳಸುತ್ತೇನೆಂದು ಈ ದಿನ ಎಲ್ಲರೆದುರು ಹೇಳುವುದು, ಮುಂದಿನ ಹೊಸ ವರ್ಷದಂದು ಅದನ್ನು ಮಾಡಿ ತೋರಿಸುವುದು ಅಲ್ಲಿಯ ಪದ್ಧತಿ. ಹೋದ ವರ್ಷ ರೂತವ್ವ, "ಒಂದ ಸಾಲರ ನಾನ ಓದ್ತೇನಿ" ಎಂದಿದ್ದಳು. ಉಪದೇಶಿ ಯೋಹಾನಪ್ಪನವರು ಗೋಡೆಯ ಗಡಿಯಾರದತ್ತ ನೋಡಿ, "ಈ ವಯಸ್ಸಿನ್ಯಾಗ ಅಕ್ಷರ ಕಲಿಸೂದು ಅಂದ್ರ ಹೊತ್ತು ಹಾಳು. ಆದ್ರೂ ನೀವು ಓದಿದ್ರ, ಉಳಿದ ಹೆಣ್ಮಕ್ಕಳೂ ಮಧ್ಯಾಹ್ನ ಇಲ್ಲೇ ಕುಂತು ಕಲೀಲಿ. ಕೀಲಿ ನಾನ ಕೊಡ್ತೇನಿ" ಎಂದಿದ್ದರು. ಹೆಂಗಸರ ಕಡೆ ಆ ಮಾತನ್ನು ಒಬ್ಬರೂ ಮರೆತಿರಲಿಲ್ಲ.

ಕಲಿಸಿದವಳು ಸೊಸೆ ಲೇಯವ್ವ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತವಳು. ಮನೆಯಲ್ಲಿ ಇಬ್ಬರಿಗೂ ಬೇರೆ ಬಿಡುವು ಇರಲಿಲ್ಲ. ರೊಟ್ಟಿಗೆ ಹಿಟ್ಟು ನಾದುವ ಮೊದಲು ಪರಾತದಲ್ಲಿ ಜೋಳದ ಹಿಟ್ಟನ್ನು ಹರಡಿ ಅವಳು ಅಂಗೈ ಅಗಲದ ಅಕ್ಷರ ಬರೆಯುತ್ತಿದ್ದಳು. ಅತ್ತೆ ಅದರ ಮೇಲೆ ಬೆರಳಾಡಿಸಿ ಹೇಳುತ್ತಿದ್ದಳು. ಆಮೇಲೆ ಬಿಸಿನೀರು ಬಿದ್ದು ಅಕ್ಷರ ರೊಟ್ಟಿಯಾಗುತ್ತಿತ್ತು. ಮಾವನ ಸತ್ಯವೇದ ಪೆಟ್ಟಿಗೆಯ ಮೇಲೆ ಬಟ್ಟೆ ಸುತ್ತಿಕೊಂಡು ಕುಳಿತಿರುತ್ತಿತ್ತು. ಅದನ್ನೊಮ್ಮೆ ಅತ್ತೆಯ ಕೈಗೆ ಕೊಟ್ಟು ನೋಡಬೇಕೆಂದು ಲೇಯವ್ವನಿಗೆ ವರ್ಷವಿಡೀ ಹೊಳೆದಿರಲಿಲ್ಲ. ಈಗ ಹೊಳೆಯಿತು. ಅದರೊಳಗಿನ ಅಕ್ಷರ ಜೋಳದ ಕಾಳಿಗಿಂತ ಸಣ್ಣವು.

"ಏನಾತ್ರಿ ರೂತವ್ವಾರ?" ಎಂದರು ಯೋಹಾನಪ್ಪ.

"ಇವು ನಾ ಕಲತ ಅಕ್ಷರ ಅಲ್ರಿ. ಇರಿವಿ ಹರದಾಡಿಧಂಗ ಕಾಣ್ತಾವು."

ಗಂಡಸರ ಕಡೆ ನಗು ಎದ್ದಿತು. "ರೊಟ್ಟಿ ಬಡಿಯೂ ಕೈಯಾಗ ಪುಸ್ತಕ ಕೊಟ್ರ ಹಿಂಗ ಆಗೂದು," ಎಂದ ರೂತವ್ವನ ಗಂಡ ಸಿಮೋನಪ್ಪ.

"ತಂಬಾಕ ಬಿಡ್ತೇನಿ ಅಂದು ಎರಡ ವರ್ಷ ಆತು. ಸೊಂಟದಾಗಿನ ಚೀಲಾ ಎಲ್ಲಾರಿಗೂ ತೋರಸ್ರಿ ಮದ್ಲ," ಎಂದಳು ರೂತವ್ವ, ಪುಸ್ತಕದಿಂದ ತಲೆ ಎತ್ತದೆ. ನಗು ಹೆಂಗಸರ ಕಡೆಗೆ ದಾಟಿತು. ಆದರೆ ಅವಳು ಪುಟವನ್ನು ಮತ್ತೆ ಮತ್ತೆ ದೂರ ಹಿಡಿಯುತ್ತಿದ್ದುದನ್ನು ಲೇಯವ್ವ ಕಂಡಳು.

"ಗಂಟಿ ಹೊಡಿಯಾಕ ಬಂತು," ಎಂದು ಯೋಹಾನಪ್ಪ ಗಡಿಯಾರ ತೋರಿಸಿದರು. ಗಂಟೆ ಹೊಡೆದರೆ ಯಾರ ಮಾತಾದರೂ ಅರ್ಧಕ್ಕೇ ಮುಗಿಯಬೇಕು. ಆ ವಿಷಯದಲ್ಲಿ ಅವರು ಸುಗ್ಗಿಯ ಹೊತ್ತಿನಲ್ಲೂ ಯಾರಿಗೂ ಸಡಿಲ ಬಿಟ್ಟವರಲ್ಲ. "ಕುಂದರ್ರಿ ರೂತವ್ವಾರ. ಆಗಲಿಲ್ಲ, ಅಷ್ಟ."

ಲೇಯವ್ವನ ಕಣ್ಣು ಪೀಠದ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಬಿಳಿ ಬಟ್ಟೆಯ ಪರದೆ ಇಳಿಬಿದ್ದಿತ್ತು. ಪ್ರತಿ ವರ್ಷ ಉಪದೇಶಿಗಳು ಸುಣ್ಣ ಬಳಿದ ಆ ಗೋಡೆಗೆ ಕಾವಿಯಿಂದ ಹೊಸ ವರ್ಷದ ಮಾತೊಂದನ್ನು ಬರೆದು, ಆರಾಧನೆಯ ಕೊನೆಗೆ ತಾವೇ ಪರದೆ ಸರಿಸಿ ಓದುತ್ತಿದ್ದರು. ಅಲ್ಲಿಯವರೆಗೆ ಅದು ಅವರ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ. ಪರದೆಯ ಕೆಳಗಿನಿಂದ ಒಂದು ಅಕ್ಷರದ ಬಾಲ ಹೊರಗೆ ಇಣುಕಿತ್ತು. ಕೆಂಪಗೆ, ಅಂಗೈ ಅಗಲ.

ಅವಳು ಎದ್ದಳು. ಹಿರಿಯರ ನಡುವೆ ಸೊಸೆಯೊಬ್ಬಳು ಎದ್ದದ್ದು ಆ ಸಭೆಯಲ್ಲಿ ಅದೇ ಮೊದಲು. "ಎಲ್ಲಿಗವ್ವಾ?" ಎಂದು ಯಾರೋ ಸೆರಗು ಜಗ್ಗಿದರು. ಬಿಡಿಸಿಕೊಂಡು, ನಾಲ್ಕಾರು ಮೊಣಕಾಲು ತುಳಿದು, ಪೀಠದ ಹಿಂದೆ ಹೋಗಿ ಪರದೆಯ ಅಂಚು ಹಿಡಿದು ಎಳೆದಳು. ಕೋಲಿನ ಸಮೇತ ಅದು ಕೆಳಗೆ ಬಿತ್ತು.

"ಅದು ಕಡೀಕ ತಗಿಯೂದು," ಎಂದ ಯೋಹಾನಪ್ಪನವರ ಧ್ವನಿ ಒಡೆಯಿತು.

"ತಪ್ಪಾತ್ರಿ. ಆದ್ರ ಇದನ್ನ ನಿಮ್ಮನ್ನ ಬಿಟ್ರ ಯಾರೂ ನೋಡಿಲ್ಲ. ಅತ್ತಿ ಬಾಯಿಪಾಠ ಮಾಡಿ ಬಂದಾಳ ಅಂತ ಯಾರೂ ಅನ್ನೂಹಂಗಿಲ್ಲ."

ರೂತವ್ವ ಪುಸ್ತಕವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಗೋಡೆಯ ಹತ್ತಿರ ನಡೆದಳು. ಅವಳ ಮುಖ ಅರಳುತ್ತ ಬಂತು, ಊರ ಜನದ ನಡುವೆ ತನ್ನ ತವರಿನವರನ್ನು ಕಂಡ ಹಾಗೆ. ಬೆರಳೆತ್ತಿ ಗಾಳಿಯಲ್ಲಿ ತಿದ್ದಿದಳು.

"ಹೊ... ತ್ತು. ಹೊತ್ತು."

ಸೊಸೆಯ ಕಡೆ ತಿರುಗಿದಳು. ಲೇಯವ್ವ ತಲೆಯಾಡಿಸಲಿಲ್ಲ. ಆಡಿಸಿದರೆ ಹೇಳಿಕೊಟ್ಟಂತಾಗುತ್ತದೆಂದು ಕಣ್ಣು ಮುಚ್ಚಿಕೊಂಡಳು.

"ಕ... ಳೆ... ಯ... ಬೇ... ಡ. ಹೊತ್ತು ಕಳೆಯಬೇಡ."

ಹೆಂಗಸರೆಲ್ಲ ಮೊಣಕಾಲ ಮೇಲೆ ಎದ್ದು ಕುಳಿತರು. ಆಗಲೇ ಗಡಿಯಾರದ ಹೊಟ್ಟೆಯಲ್ಲಿ ಗೊರಗೊರ ಸದ್ದಾಯಿತು. ಹೊಡೆಯುವ ಮೊದಲು ಅದು ಹಾಗೆ ಸದ್ದು ಮಾಡುವುದು ಎಲ್ಲರಿಗೂ ಗೊತ್ತಿತ್ತು. ರೂತವ್ವನ ಬೆರಳು ಗಾಳಿಯಲ್ಲೇ ನಿಂತಿತು.

ಯೋಹಾನಪ್ಪ ದಾಪುಗಾಲು ಹಾಕಿ ಹೋಗಿ, ಗಾಜಿನ ಬಾಗಿಲು ತೆರೆದು, ತೂಗುವ ಲೋಲಕವನ್ನು ಎರಡು ಬೆರಳಿನಿಂದ ಹಿಡಿದು ನಿಲ್ಲಿಸಿದರು.

"ಓದ್ರಿ," ಎಂದರು.

"ದೇ... ವ... ರು. ಕೇ... ಳು... ತ್ತಾ... ನೆ." ಅವಳು ಉಸಿರು ತೆಗೆದುಕೊಂಡು ಒಂದೇ ಸಲಕ್ಕೆ ಹೇಳಿದಳು: "ಹೊತ್ತು ಕಳೆಯಬೇಡ, ದೇವರು ಕೇಳುತ್ತಾನೆ."

ಸಿಮೋನಪ್ಪ ಸೊಂಟದ ಚೀಲವನ್ನು ಬಿಚ್ಚಿ, ಯಾರಿಗೂ ಕಾಣದಂತೆ ಚಾಪೆಯ ಕೆಳಗೆ ತಳ್ಳಿದ. ರೂತವ್ವ ಅದನ್ನು ನೋಡಲಿಲ್ಲ. ಅವಳ ಬೆರಳು ಇನ್ನೂ ಇಳಿದಿರಲಿಲ್ಲ. ಸಾಲು ಮುಗಿದಲ್ಲಿಂದ ಮುಂದೆ, ಖಾಲಿ ಸುಣ್ಣದ ಮೇಲೆ ಹರಿದಾಡುತ್ತಿತ್ತು.

"ಮುಂದ ಇಲ್ಲೇನ್ರಿ ಉಪದೇಶಿಗಳ?"

ಯೋಹಾನಪ್ಪ ಸೊಂಟದಿಂದ ದೇವಾಲಯದ ಕೀಲಿ ತೆಗೆದು ಲೇಯವ್ವನ ಕೈಗಿಟ್ಟರು. ನಿಂತ ಗಡಿಯಾರವನ್ನು ಹಾಗೇ ಬಿಟ್ಟು, ಪೀಠದ ಕೆಳಗೆ ಬಗ್ಗಿ ಕಾವಿಯ ಬಟ್ಟಲನ್ನು ಹುಡುಕತೊಡಗಿದರು.