ನರಸಮ್ಮನ ಶಾರ್ಟ್‌ಸ್ಟಾಪ್

ಡಬ್ಬ ಬಡಿಯುತ್ತಿದ್ದ ನರಸಮ್ಮನ ಕೈ ಗಾಳಿಯಲ್ಲೇ ಮರಗಟ್ಟಿತು. ಬೆಳಗಿನ ಮಂಜಿನೊಳಗಿಂದ ಬಂದ ಒಂಟಿ ಆನೆ ರಾಗಿ ಹೊಲದ ನಡುವೆ, ಅವಳ ಎದುರಿಗೇ ನಿಂತುಬಿಟ್ಟಿತ್ತು. ಅದರ ಉಸಿರಿಗೆ ಅವಳ ಸೆರಗು ಅಲುಗುತ್ತಿತ್ತು.

ಹೊಲದ ಎರಡು ಮೂಲೆಗೆ ಎರಡು ಕಾವಲಿನ ಅಟ್ಟಣೆ. ಒಂದರ ಮೇಲೆ ಗಂಡ ಮುನಿಶಾಮಪ್ಪ, ಇನ್ನೊಂದರ ಮೇಲೆ ಮೊಮ್ಮಗಳು ಮೋನಿಷಾ. ಪ್ರತಿ ವರ್ಷವೂ ಆನೆ ಇವೆರಡರ ನಡುವಿನಿಂದಲೇ ನುಗ್ಗಿ ತೆನೆ ಮೇಯ್ದು ಹೋಗುತ್ತಿತ್ತು. ಡೆಂಕಣಿಕೋಟೆಯ ಸ್ಕೂಲಿನಲ್ಲಿ ಬೇಸ್‌ಬಾಲ್ ಆಡುವ ಮೋನಿಷಾ ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದಳು: "ನಾನು ಶಾರ್ಟ್‌ಸ್ಟಾಪ್ ಅಜ್ಜಿ. ಓಡೋರು ಮುಟ್ಟೋ ಎರಡ್ನೇ ಬೇಸು, ಮೂರ್ನೇ ಬೇಸು ಕಾಯಕ್ಕೆ ಬೇರೆಯೋರು ಇರ್ತಾರೆ. ಅವರಿಬ್ಬರ ಮಧ್ಯ ಸಂದು ಇರ್ತದಲ್ಲ, ಚೆಂಡು ಜಾಸ್ತಿ ಅಲ್ಲೇ ನುಗ್ಗೋದು. ಅಲ್ಲಿ ನಿಂತು ತಡೆಯೋಳು ನಾನು."

"ಇಷ್ಟು ವರ್ಸ ಈ ಬುದ್ಧಿ ನಿಂಗ್ಯಾಕೆ ಬರ್ಲಿಲ್ಲ?" ಎಂದು ನರಸಮ್ಮ ಗಂಡನ ಮೇಲೆ ರೇಗಿದ್ದಳು. ಇವತ್ತು ನಸುಕಿಗೇ ಖಾಲಿ ಎಣ್ಣೆ ಡಬ್ಬ ಹಿಡಿದು, ಯಾರ ಮಾತೂ ಕೇಳದೆ ಆ ಸಂದಿನಲ್ಲಿ ಬಂದು ನಿಂತಿದ್ದಳು.

ಈಗ ಆನೆ ಕಿವಿ ಬೀಸುವುದನ್ನೂ ಬಿಟ್ಟು ಅವಳನ್ನೇ ನೋಡುತ್ತಿತ್ತು.

"ಮೋನೀ!" ನರಸಮ್ಮ ಕತ್ತು ತಿರುಗಿಸದೆ ಕೂಗಿದಳು. "ತಡೆದ್‌ಬುಟ್ಟೆ ಕಣೇ. ತಡೆದಾದ್ಮೇಲೆ ಏನೇ ಮಾಡ್ಬೇಕು?"

ಮೋನಿಷಾ ಅಟ್ಟಣೆಯ ಮೇಲಿನಿಂದ ಆನೆಯನ್ನು ನೋಡಿದಳು. ಆಟದಲ್ಲಾದರೆ, ತಡೆದದ್ದನ್ನು ಎತ್ತಿಕೊಂಡು ಒಂದನೇ ಬೇಸಿಗೆ ಎಸೆಯಬೇಕಿತ್ತು.