ಕರಿ ಬೆಲ್ಲದ ಮಿಠಾಯಿ

ಮಗಳ ನಾಲಿಗೆ ಇವತ್ತೂ ಕೆಂಪು. ಬೈಯಲು ಬಾಯಿ ತೆರೆದರೆ ನನ್ನಜ್ಜಿಯ ದನಿಯೇ ಬರುತ್ತದೆ.

ನಾನು ಚಿಕ್ಕವಳಿದ್ದಾಗ, ಹನಕೆರೆಯ ನಮ್ಮ ಆಲೆಮನೆಯಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಕೆಂಪು ಪೆಪ್ಪರಮಿಂಟು ಚೀಪುತ್ತ ನಿಂತಿದ್ದೆ. ಅಜ್ಜಿ ನನ್ನ ಬಾಯಿಗೆ ಬೆರಳು ಹಾಕಿ ಅದನ್ನು ಕಿತ್ತೆಸೆದಳು.

"ಬರೀ ಬಣ್ಣ, ಔಸ್ದಿ ಆಕವ್ರೆ ಕಣೇ! ಎಷ್ಟ್ ಸಲ ಬಡ್ಕೊಬೇಕು ನಿಂಗೆ?"

ಗೊಣಗುತ್ತಲೇ ಮನೆಯ ಕರಿ ಬೆಲ್ಲ ಕಾಯಿಸಿ, ಎಳ್ಳು, ಶುಂಠಿ ಹಾಕಿ ಮಿಠಾಯಿ ತಟ್ಟಿಕೊಟ್ಟಳು. ಅದು ಬೆರಳಿಗೆಲ್ಲ ಅಂಟಿತು, ನೋಡಲು ಮಣ್ಣಿನಂತಿತ್ತು. ಅಪ್ಪ ಅಚ್ಚಿಗೆ ಹುಯ್ದಿಟ್ಟಿದ್ದ ಬೆಲ್ಲವಾದರೋ ಹಳದಿಯಾಗಿ ಹೊಳೆಯುತ್ತಿತ್ತು.

"ನಂಗೆ ಆ ಬೆಲ್ಲದ್ದೇ ಬೇಕು," ಎಂದು ಕಾಲು ಬಡಿದೆ.

ಮುಂದಿನ ಕೊಪ್ಪರಿಗೆಗೆ ಬಣ್ಣ ಬರಲೆಂದು ಬಿಳಿ ಪುಡಿ ಎರಚುತ್ತಿದ್ದ ಅಪ್ಪನ ಕೈ ನಿಂತಿತು.

"ಅದು ತಿನ್ನಕ್ಕಲ್ಲ ಕಣವ್ವ," ಎಂದಳು ಅಜ್ಜಿ, ನನ್ನ ದಡ್ಡತನಕ್ಕೆ ರೋಸಿಹೋಗಿ. "ಮಾರಕ್ಕೆ."