ಬಿಚ್ಚಬಾರದ ಮೂಗುಬಟ್ಟು

ಊರಿನ ಡಾಕ್ಟರಿಗೆ ತೋರಿಸಿದರೆ ತಾನು ಹೊಡೆದದ್ದು ಬಯಲಾಗುತ್ತದೆಂದು, ಹೆಂಡತಿಯ ಮುರಿದ ಮೂಗನ್ನು ನೆಟ್ಟಗೆ ಮಾಡಿಸಲು ಸಾಹುಕಾರ ಅವಳನ್ನು ಬ್ಯಾಂಕಾಕಿಗೆ ಕರೆತಂದಿದ್ದ. ನೆಂಟರಿಗೆಲ್ಲ ಪ್ರವಾಸ ಅಂತ ಹೇಳಿದ್ದಾಗಿತ್ತು.

ಆಪರೇಷನ್ನಿಗೆ ಮುಂಚೆ ನರ್ಸು, ಮೂಗುಬಟ್ಟು ಬಿಚ್ಚುವಂತೆ ಸನ್ನೆ ಮಾಡಿದಳು. ಸಾಹುಕಾರ ತಟ್ಟನೆ ನಡುವೆ ಬಂದ. ಅವನ ಅವ್ವ ತನ್ನ ಮೂಗುಬಟ್ಟು ಬಿಚ್ಚಿದ್ದು ಅಪ್ಪನ ಹೆಣದ ಮುಂದೆ.

"ಬೇಡ ಕಣೇ! ಗಂಡ ಬದುಕಿರುವಾಗ ಅದನ್ನ ತೆಗೀಬಾರದು. ನನ್ನ ಜೀವಕ್ಕೇ ಕುತ್ತು!"

"ಒಂದು ಗಳಿಗೆ ತಾನೆ?"

"ಯಮನಿಗೆ ಅಷ್ಟೇ ಸಾಕು." ಅವನು ಕೈ ಅಡ್ಡ ಹಿಡಿದ.

ಅವಳು ನಿಧಾನವಾಗಿ ತಿರುಪು ಸಡಿಲಿಸಿ, ಮೂಗುಬಟ್ಟನ್ನು ಅವನ ಅಂಗೈಯಲ್ಲಿಟ್ಟಳು.

"ಹೆದರಬೇಡಿ. ನೀವು ಹೊಡೆದಾಗಲೆಲ್ಲ ಬಿಚ್ಚಿ ದೇವರ ಮುಂದೆ ಇಟ್ಟು ನೋಡಿದೀನಿ. ಏನೂ ಆಗಲ್ಲ."